ಕೊಟ್ಟದ್ದನ್ನು ತೆಗೆದುಕೊಳ್ಳುವುದು: ಡಯಾಲಿಸಿಸ್ ಮತ್ತು ಕಿಡ್ನಿ ಕಸಿಯ ಹದಿನೈದು ತಿಂಗಳು

ಬೆಟಗೇರಿಯ ನಮ್ಮ ಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲಿ ನನ್ನ ಕಿಬ್ಬೊಟ್ಟೆಯ ಬಲಭಾಗದಲ್ಲಿ ನನ್ನ ಹೆಂಡತಿಯ ಕಿಡ್ನಿ ಕೆಲಸ ಮಾಡುತ್ತಿದೆ. ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾಯಿತು. 2024ರ ಜೂನ್‌ನಿಂದ 2025ರ ಸೆಪ್ಟೆಂಬರ್‌ವರೆಗೆ ನಾವು ಹಾದುಬಂದ ದಾರಿಯಲ್ಲಿ ಆಸ್ಪತ್ರೆಯ ಕಾಗದಪತ್ರಗಳ ಬಗ್ಗೆ ಮುಂಚಿತವಾಗಿ ತಿಳಿಸಿಕೊಡುವವರು ಯಾರೂ ಸಿಗಲಿಲ್ಲ. ವಿಶ್ವಾಸದ ಬಗ್ಗೆ ತಿಳಿಸಿಕೊಡುವವರು ಬಹಳ ಮಂದಿ ಸಿಕ್ಕರು, ಆದರೆ ಅವರಲ್ಲಿ ಕೆಲವರ ಮಾತು ನನ್ನ ಪ್ರಾಣಕ್ಕೇ ಕುತ್ತು ತಂದಿತ್ತು. ನಮ್ಮ ಕ್ರೈಸ್ತ ಸಭೆಗಳಲ್ಲಿ ಇದೇ ದಾರಿಯಲ್ಲಿ ಈಗ ಹೆಜ್ಜೆ ಇಡುತ್ತಿರುವ ಕುಟುಂಬಗಳಿವೆ ಎಂಬುದು ನನಗೆ ಗೊತ್ತು. ಅವರಿಗಾಗಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನನಗೆ ಈಗ 52 ವರ್ಷ. ಗದುಗಿನ ಒಂದು ಮುದ್ರಣಾಲಯದಲ್ಲಿ ಲೆಕ್ಕಪತ್ರ ನೋಡುತ್ತೇನೆ, ಹೆಂಡತಿ ಖಾಸಗಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಹನ್ನೆರಡು ವರ್ಷ ನಾನು ಸಭೆಯ ಖಜಾಂಚಿಯಾಗಿದ್ದೆ. ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥಿಸುವುದು, ಎಲ್ಲವೂ ದೇವರ ಚಿತ್ತ, ಧೈರ್ಯವಾಗಿರಿ ಎಂದು ಹೇಳಿ ಎದ್ದು ಬರುವುದು ನನಗೆ ರೂಢಿಯಾಗಿತ್ತು. ಹತ್ತು ವರ್ಷಗಳಿಂದ ರಕ್ತದೊತ್ತಡವಿದ್ದರೂ ಮಾತ್ರೆಯನ್ನು ನೆನಪಾದ ದಿನ ಮಾತ್ರ ನುಂಗುತ್ತಿದ್ದೆ. ಜೂನ್‌ನಲ್ಲಿ ಕಾಲು ಬಾತುಕೊಂಡು, ಬೆಳಿಗ್ಗೆ ಎದ್ದ ಕೂಡಲೇ ವಾಂತಿಯಾಗತೊಡಗಿದಾಗ ಪಿತ್ತವೆಂದು ಎರಡು ವಾರ ಕಳೆದೆ. ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಹೊರಹಾಕಬೇಕಾದ ಕಲ್ಮಶವಾದ ಕ್ರಿಯಾಟಿನಿನ್ 9.4 ಬಂದಿತ್ತು, ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿಗಳು ಕುಗ್ಗಿಹೋಗಿದ್ದವು. ಹುಬ್ಬಳ್ಳಿಯ ಮೂತ್ರಪಿಂಡ ತಜ್ಞರು ಇವು ಮರಳಿ ಸರಿಯಾಗುವುದಿಲ್ಲ, ಡಯಾಲಿಸಿಸ್ ಶುರುಮಾಡಬೇಕು, ಕಸಿಯ ಬಗ್ಗೆಯೂ ಈಗಿನಿಂದಲೇ ಯೋಚಿಸಿ ಎಂದು ಹೇಳಿದರು. ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಬೇಕು. ನಾನು ಹತ್ತು ವರ್ಷದಲ್ಲಿ ಒಮ್ಮೆಯೂ ಮಾಡಿಸಿರಲಿಲ್ಲ.

ಜುಲೈ ಎರಡನೆಯ ವಾರ ಕುತ್ತಿಗೆಗೆ ತಾತ್ಕಾಲಿಕ ಕೊಳವೆ ಹಾಕಿ ಡಯಾಲಿಸಿಸ್ ಶುರುವಾಯಿತು. ಮಂಗಳವಾರ, ಗುರುವಾರ, ಶನಿವಾರ, ಪ್ರತಿ ಸಲ ನಾಲ್ಕು ಗಂಟೆ. ಸರ್ಕಾರಿ ಕೇಂದ್ರದಲ್ಲಿ ಡಯಾಲಿಸಿಸ್‌ಗೆ ಹಣ ಕೊಡಬೇಕಾಗಲಿಲ್ಲ. ಆದರೆ ಅಲ್ಲಿ ಸರದಿ ಸಿಗುವವರೆಗೆ ಮೂರು ವಾರ ಖಾಸಗಿಯಾಗಿ ಮಾಡಿಸಿಕೊಳ್ಳಬೇಕಾಯಿತು. ರಕ್ತ ಹೆಚ್ಚಿಸುವ ಚುಚ್ಚುಮದ್ದು ಮತ್ತು ಪ್ರಯಾಣದ ಖರ್ಚು ಕೊನೆಯವರೆಗೂ ನಮ್ಮದೇ ಆಗಿತ್ತು. ಆಗಸ್ಟ್‌ನಲ್ಲಿ ಎಡಗೈಯ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವ ಫಿಸ್ಟುಲಾ ಶಸ್ತ್ರಚಿಕಿತ್ಸೆಯಾಯಿತು. ಅದು ಬಲಿತು ಸೂಜಿ ಹಾಕುವಂತಾಗಲು ಆರರಿಂದ ಎಂಟು ವಾರ ಬೇಕು. ಈ ಕಾರಣಕ್ಕೆ, ಡಯಾಲಿಸಿಸ್ ಬೇಕಾದೀತು ಎಂದು ವೈದ್ಯರು ಮೊದಲ ಬಾರಿ ಹೇಳಿದಾಗಲೇ ಫಿಸ್ಟುಲಾ ಮಾಡಿಸಿಟ್ಟುಕೊಂಡರೆ ಕುತ್ತಿಗೆಯ ಕೊಳವೆ ಮತ್ತು ಅದರಿಂದಾಗುವ ಸೋಂಕು ಎರಡನ್ನೂ ತಪ್ಪಿಸಿಕೊಳ್ಳಬಹುದು. ಆ ಕೈಯಲ್ಲಿ ರಕ್ತ ತೆಗೆಯಲು, ಬಿಪಿ ನೋಡಲು ಯಾರಿಗೂ ಬಿಡಬಾರದು.

ಊಟದ ಕಟ್ಟುಪಾಡು ನಾನು ಅಂದುಕೊಂಡದ್ದಕ್ಕಿಂತ ಕಠಿಣವಾಗಿತ್ತು. ಕಾಯಿಲೆಯವರನ್ನು ನೋಡಲು ಬರುವವರು ನಮ್ಮಲ್ಲಿ ಬಾಳೆಹಣ್ಣು, ಎಳನೀರು ತರುತ್ತಾರೆ. ಎರಡರಲ್ಲಿಯೂ ಪೊಟ್ಯಾಸಿಯಂ ಹೆಚ್ಚು, ಡಯಾಲಿಸಿಸ್‌ನಲ್ಲಿರುವವರಿಗೆ ಅದು ಹೃದಯ ನಿಲ್ಲಿಸುವಷ್ಟು ಅಪಾಯಕಾರಿ. ಸೋಡಿಯಂ ಕಡಿಮೆ ಇರುವ ಉಪ್ಪು ಒಳ್ಳೆಯದೆಂದು ತಂದುಕೊಟ್ಟವರೂ ಇದ್ದರು, ಅದರಲ್ಲಿಯೂ ಪೊಟ್ಯಾಸಿಯಂ ಇರುತ್ತದೆ. ಕಾಯಿಪಲ್ಯೆಯನ್ನು ಹೆಚ್ಚು ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲಿ ಮಾಡಬೇಕಿತ್ತು. ನೀರು, ಚಹಾ, ಸಾರು, ಮಜ್ಜಿಗೆ ಎಲ್ಲವೂ ಸೇರಿ ದಿನಕ್ಕೆ ಒಂದು ಲೀಟರ್ ಮೀರಬಾರದೆಂದು ನನಗೆ ಹೇಳಿದ್ದರು. ಹೆಂಡತಿ ಒಂದು ಉಪಾಯ ಮಾಡಿದಳು. ಬೆಳಿಗ್ಗೆ ಒಂದು ಲೀಟರ್ ಬಾಟಲಿ ತುಂಬಿಡುವುದು, ನಾನು ಚಹಾ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಗಿಡಕ್ಕೆ ಸುರಿಯುವುದು. ಉಳಿದದ್ದು ಕಣ್ಣಿಗೆ ಕಾಣುವುದರಿಂದ ಲೆಕ್ಕ ತಪ್ಪುವುದಿಲ್ಲ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವಿದ್ದ ಭಾನುವಾರಗಳಲ್ಲಿ ಪಾತ್ರೆಯ ಆ ಒಂದು ಗುಟುಕಿಗೂ ನಾನು ಬಾಟಲಿಯಲ್ಲಿ ಸ್ಥಳ ಬಿಡುತ್ತಿದ್ದೆ. ಅದುವರೆಗೆ ಎಷ್ಟೋ ವರ್ಷ ಯೋಚಿಸದೆ ಕುಡಿದಿದ್ದ ಆ ಗುಟುಕಿಗಾಗಿ ಹಿಂದಿನ ರಾತ್ರಿಯೇ ಬಾಯಾರಿಕೆಯನ್ನು ತಡೆದುಕೊಳ್ಳುವಾಗ, ಅದಕ್ಕೆ ಕಾಯುವುದೆಂದರೆ ಏನು ಎಂಬುದು ನನಗೆ ಮೊದಲ ಬಾರಿ ತಿಳಿಯಿತು.

ಯಂತ್ರದ ಮುಂದೆ ನಾಲ್ಕು ಗಂಟೆ ಮಲಗಿದಾಗ ಪ್ರಾರ್ಥನೆ ಮಾಡೋಣವೆಂದರೆ ಮನಸ್ಸು ನಿಲ್ಲುತ್ತಿರಲಿಲ್ಲ. ಸಭೆಯಲ್ಲಿ ಹದಿನೈದು ನಿಮಿಷ ತಡೆಯಿಲ್ಲದೆ ಪ್ರಾರ್ಥಿಸುತ್ತಿದ್ದ ನನ್ನ ಬಾಯಿಂದ ಎರಡು ವಾಕ್ಯ ಹೊರಡುತ್ತಿರಲಿಲ್ಲ. ನಮ್ಮ ಸಭಾಪಾಲಕರು ಹೇಳಿದ ಒಂದು ಸರಳ ಕ್ರಮವನ್ನು ಹಿಡಿದುಕೊಂಡೆ. ಒಂದು ಡಯಾಲಿಸಿಸ್‌ಗೆ ಸತ್ಯವೇದದ, ಅಂದರೆ ಬೈಬಲಿನ, ಒಂದು ಕೀರ್ತನೆ, ಮೊದಲಿನಿಂದ ಸಾಲಾಗಿ, ಇಷ್ಟವಾದುದನ್ನು ಆರಿಸಿಕೊಳ್ಳದೆ. ಸ್ವಂತ ಮಾತು ಬರದಿದ್ದರೆ ಅದನ್ನೇ ನಿಮ್ಮ ಪ್ರಾರ್ಥನೆ ಎಂದು ಓದಿರಿ ಎಂದಿದ್ದರು. ಹದಿಮೂರನೆಯ ದಿನ ಹದಿಮೂರನೆಯ ಕೀರ್ತನೆ ಬಂತು. ಕರ್ತನೇ, ಎಷ್ಟು ಕಾಲ ಎಂದು ಮತ್ತೆ ಮತ್ತೆ ಕೇಳುವ ಕೀರ್ತನೆ ಅದು. ದೇವರನ್ನು ಹಾಗೆ ಕೇಳುವುದು ಅವಿಶ್ವಾಸವೆಂದು ನಾನು ಎಷ್ಟು ಮನೆಗಳಲ್ಲಿ ಹೇಳಿದ್ದೆನೋ ಲೆಕ್ಕವಿಲ್ಲ. ಆ ದಿನ ಅದನ್ನು ನಾಲ್ಕೈದು ಸಲ ಓದಿದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯನ್ನು ಹೇಳಬೇಕು. ಸೆಪ್ಟೆಂಬರ್‌ನಲ್ಲಿ ಪರಿಚಯದವರ ಮೂಲಕ ಬೇರೆ ಊರಿನ ಪ್ರಾರ್ಥನಾ ತಂಡವೊಂದು ಮನೆಗೆ ಬಂತು. ರಾತ್ರಿಯಿಡೀ ಪ್ರಾರ್ಥನೆಯಾಯಿತು. ಮನೆಯಲ್ಲಿ ಅರಿಕೆ ಮಾಡದ ಪಾಪವಿದೆ ಎಂದು ಒಬ್ಬರು ಹೇಳಿದರು. ಸ್ವಸ್ಥತೆ ಆಗಿಹೋಗಿದೆ, ಇನ್ನು ಯಂತ್ರಕ್ಕೆ ಹೋಗುವುದು ದೇವರನ್ನು ನಂಬದಿರುವುದಕ್ಕೆ ಗುರುತು ಎಂದು ಇನ್ನೊಬ್ಬರು ಹೇಳಿದರು. ಹೆಂಡತಿ ಅಡ್ಡ ಬಂದಳು. ನಾನು ಆಕೆಯನ್ನು ಅಲ್ಪವಿಶ್ವಾಸಿ ಎಂದು ಗದರಿಸಿ ಶನಿವಾರದ ಡಯಾಲಿಸಿಸ್ ಬಿಟ್ಟೆ. ಭಾನುವಾರ ನಡೆದೇ ದೇವಾಲಯಕ್ಕೆ ಹೋದೆ. ಸೋಮವಾರ ರಾತ್ರಿ ಮಲಗಿದರೆ ಉಸಿರು ಸಿಗಲಿಲ್ಲ, ಎದ್ದು ಕುಳಿತರೂ ಸಿಗಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆ ರಾತ್ರಿ ತುರ್ತು ಚಿಕಿತ್ಸಾ ಘಟಕದಲ್ಲಿ ನನ್ನನ್ನು ಉಳಿಸಿದವರು ಕೆಲಸದ ಪಾಳಿಯಲ್ಲಿದ್ದ ಒಬ್ಬ ದಾದಿ ಮತ್ತು ಮನೆಯಿಂದ ಕರೆಸಿಕೊಂಡ ಒಬ್ಬ ಡಯಾಲಿಸಿಸ್ ತಂತ್ರಜ್ಞ. ನಾಲ್ಕು ದಿನ ಒಳಗಿದ್ದೆ, 38,000 ರೂಪಾಯಿ ಖರ್ಚಾಯಿತು.

ಪ್ರಾರ್ಥನೆ ಮಾಡಿಸಿಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿಕೊಂಡು ಪ್ರಾರ್ಥಿಸಬೇಕೆಂದು ಯಾಕೋಬನ ಪತ್ರಿಕೆ ಹೇಳುತ್ತದೆ, ನಾವು ಹಾಗೆ ಮಾಡಿಯೂ ಮಾಡಿದೆವು. ಆದರೆ ಯಾರ ಮಾತು ಕೇಳಿಯೂ ಡಯಾಲಿಸಿಸ್ ಬಿಡಬಾರದು, ಮಾತ್ರೆ ನಿಲ್ಲಿಸಬಾರದು. ಪೌಲನು ತನ್ನ ಶರೀರದ ಶೂಲಕ್ಕಾಗಿ ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಅವನಿಗೆ ವಿಶ್ವಾಸ ಸಾಲದೆಂದು ಯಾರು ಹೇಳಿಯಾರು? ಆಸ್ಪತ್ರೆಯ ಹಾಸಿಗೆಯಲ್ಲಿ ಯೋಚಿಸುತ್ತಾ ಹೋದ ಹಾಗೆ ನನಗೆ ಕಂಡದ್ದು, ಆ ಶನಿವಾರ ನಾನು ಮಾಡಿದ್ದು ವಿಶ್ವಾಸವಲ್ಲ, ಹಕ್ಕೊತ್ತಾಯ. ಇಷ್ಟು ವರ್ಷ ನಿನ್ನ ಮನೆಯ ಲೆಕ್ಕ ಬರೆದಿದ್ದೇನೆ, ಈಗ ನನ್ನ ಬಾಕಿ ಕೊಡು ಎಂಬ ಹಾಗೆ ದೇವರ ಮುಂದೆ ನಿಂತಿದ್ದೆ.

ಈ ತಿಳಿವಳಿಕೆ ಅಲ್ಲಿಗೇ ನಿಂತಿತು, ನನ್ನ ನಡತೆಗೆ ಇಳಿಯಲಿಲ್ಲ. ಕಸಿಯ ಮಾತು ಬಂದಾಗ ನಾನು ಅಣ್ಣನೊಂದಿಗೆ ಅದೇ ರೀತಿ ನಡೆದುಕೊಂಡೆ. ಅವನು ಹುಬ್ಬಳ್ಳಿಯಲ್ಲಿರುತ್ತಾನೆ, ಇಬ್ಬರದೂ ಬಿ ಪಾಸಿಟಿವ್. ಅಕ್ಟೋಬರ್‌ನಲ್ಲಿ ನಾನು ಅವನ ಮನೆಗೆ ಹೋಗಿ, ಅವ್ವನನ್ನು ಎದುರಿಗೆ ಕೂರಿಸಿಕೊಂಡು, ನೀನಲ್ಲದೆ ಬೇರೆ ಯಾರಿದ್ದಾರೆ ಎಂದು ಕೇಳಿದೆ. ಅವ್ವನ ಮುಂದೆ ಅವನು ಇಲ್ಲ ಎನ್ನುವುದಾದರೂ ಹೇಗೆ? ನವೆಂಬರ್‌ನಲ್ಲಿ ಪರೀಕ್ಷೆಗಳು ಶುರುವಾದವು. ಅಂಗಾಂಶ ಹೊಂದಾಣಿಕೆಯ ಪರೀಕ್ಷೆ, ನನ್ನ ರಕ್ತವೂ ಅವನ ರಕ್ತವೂ ಒಂದಕ್ಕೊಂದು ಒಗ್ಗುತ್ತವೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್, ಎದೆ ಮತ್ತು ಹೃದಯದ ಪರೀಕ್ಷೆ, ಎಲ್ಲಕ್ಕೂ ಸೇರಿ 31,000 ರೂಪಾಯಿ. ಜನವರಿಯ ಮೂರನೆಯ ವಾರ, ಅವನ ಒಂದೊಂದು ಕಿಡ್ನಿ ಎಷ್ಟು ಕೆಲಸ ಮಾಡುತ್ತದೆಂದು ಅಳೆಯುವ ಸ್ಕ್ಯಾನ್‌ಗೆ ಎರಡು ದಿನ ಮುಂಚೆ, ಅತ್ತಿಗೆ ಫೋನ್ ಮಾಡಿ ತಮ್ಮಿಂದ ಆಗುವುದಿಲ್ಲವೆಂದು ತಿಳಿಸಿದರು. ನಾನು ಅಣ್ಣನಿಗೆ ಫೋನ್ ಕೊಡಿಸಿಕೊಂಡು ಒಡಹುಟ್ಟಿದವರು ಆಡಬಾರದ ಮಾತುಗಳನ್ನು ಆಡಿದೆ. ಆ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಮಗಳು ದೊಡ್ಡಪ್ಪನ ಹೆಸರು ತೆಗೆದಾಗ ಕೈಯೆತ್ತಿ ತಡೆದೆ.

ಅದೇ ತಿಂಗಳ ಕೊನೆಯ ವಾರ ನನ್ನ ಎಂಬತ್ತೆಂಟನೆಯ ಡಯಾಲಿಸಿಸ್ ಬಂತು. ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಉಳಿದ ಪ್ರಲಾಪದ ಕೀರ್ತನೆಗಳಲ್ಲಿ ಕೊನೆಗಾದರೂ ಬರುವ ಸ್ತೋತ್ರ ಇದರಲ್ಲಿ ಇಲ್ಲ. ಆ ದಿನ ನನಗೆ ಸಿಟ್ಟಿಲ್ಲದೆ ಓದಲು ಸಾಧ್ಯವಾದದ್ದು ಅದೊಂದೇ. ಇಂಥ ಪ್ರಾರ್ಥನೆಯನ್ನೂ ಸತ್ಯವೇದದೊಳಗೆ ಉಳಿಸಿಕೊಂಡ ದೇವರು ನನ್ನ ಈ ಸ್ಥಿತಿಯನ್ನೂ ಕೇಳಿಸಿಕೊಳ್ಳುತ್ತಾನೆ ಎಂಬಷ್ಟು ಮಾತ್ರ ಅನ್ನಿಸಿತು. ಅದಕ್ಕಿಂತ ಹೆಚ್ಚಿನ ಸಮಾಧಾನ ಆ ದಿನ ಸಿಗಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಒಬ್ಬ ದರ್ಜಿ ಇರುತ್ತಿದ್ದರು, ನನಗಿಂತ ಹತ್ತು ವರ್ಷ ಚಿಕ್ಕವರು, ಮುಸ್ಲಿಮರು. ಡಯಾಲಿಸಿಸ್ ಮುಗಿದು ಸೂಜಿ ತೆಗೆದ ಮೇಲೆ ಆ ಜಾಗವನ್ನು ಹತ್ತು ನಿಮಿಷವಾದರೂ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ರಕ್ತ ಚಿಮ್ಮುತ್ತದೆ. ಹೆಂಡತಿಗೆ ಶಾಲೆ ಇರುತ್ತಿದ್ದ ದಿನಗಳಲ್ಲಿ ನನ್ನೊಂದಿಗೆ ಯಾರೂ ಇರುತ್ತಿರಲಿಲ್ಲ. ಅವರಿಗೆ ಜೊತೆಯಾಗಿ ಬರುತ್ತಿದ್ದ ಅವರ ಮಗಳು ಅಪ್ಪನ ಕೈ ಒತ್ತಿ ಮುಗಿಸಿ, ನಾನು ಕೇಳದೆಯೇ ನನ್ನ ಕೈಯನ್ನೂ ಒತ್ತಿ ಹಿಡಿಯುತ್ತಿದ್ದಳು. ತಿಂಗಳುಗಟ್ಟಲೆ ಹೀಗೆ ನಡೆಯಿತು.

ಅಣ್ಣನ ವಿಷಯವನ್ನು ತಜ್ಞ ವೈದ್ಯರಿಗೆ ದೂರಿನಂತೆ ಹೇಳಿದಾಗ ಅವರು ಕೊಟ್ಟ ಉತ್ತರ ನನಗೆ ಆಗ ಹಿಡಿಸಲಿಲ್ಲ. ದಾನಿಯು ಶಸ್ತ್ರಚಿಕಿತ್ಸೆಯ ಕೊನೆಯ ಗಳಿಗೆಯವರೆಗೆ ಮನಸ್ಸು ಬದಲಿಸಬಹುದು, ಹಾಗೆ ಬದಲಿಸಲು ಆಗದಿದ್ದರೆ ಅದು ದಾನವೇ ಅಲ್ಲ ಎಂದರು. ಮನೆಯವರ ಒತ್ತಡಕ್ಕೆ ಸಿಕ್ಕಿದವರಿಗೆ ವೈದ್ಯರೇ ವೈದ್ಯಕೀಯ ಕಾರಣ ಹೇಳಿ ಬಿಡಿಸುವುದುಂಟು. ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ಮುಂದೆ ಬಂದರೆ ಮೊದಲು ಅವರೊಬ್ಬರನ್ನೇ ವೈದ್ಯರ ಬಳಿ ಕಳಿಸಿ, ಒಳಗೆ ಏನು ಮಾತಾಯಿತೆಂದು ಕೇಳಬೇಡಿ.

ಮಾತು ಮುಗಿಸುತ್ತಾ ವೈದ್ಯರು, ನಿಮ್ಮ ಹೆಂಡತಿ ಜೂನ್‌ನಲ್ಲಿಯೇ ತಾನು ಕೊಡುತ್ತೇನೆಂದು ನನಗೆ ಹೇಳಿದ್ದರಲ್ಲ, ನಿಮಗೆ ಹೇಳಿಲ್ಲವೇ ಎಂದು ಕೇಳಿದರು. ಹೇಳಿರಲಿಲ್ಲ. ಆಕೆಗೆ ರಕ್ತಹೀನತೆ ಇತ್ತು, ಮನೆಯ ಖರ್ಚು ಆಕೆಯ ಸಂಬಳದ ಮೇಲೆ ನಡೆಯುತ್ತಿತ್ತು, ಈ ಕಾರಣಗಳಿಂದ ಆಕೆಯ ಹೆಸರು ನನ್ನ ಎಣಿಕೆಯಲ್ಲಿಯೇ ಬಂದಿರಲಿಲ್ಲ. ಆಕೆ ಓ ಪಾಸಿಟಿವ್ ಆದ್ದರಿಂದ ನನಗೆ ಕೊಡಬಹುದಿತ್ತು. ವೈದ್ಯರು ಹೇಳಿದಂತೆ ಕಬ್ಬಿಣಾಂಶದ ಔಷಧಿಯನ್ನು ಜೂನ್‌ನಿಂದಲೇ ತೆಗೆದುಕೊಳ್ಳುತ್ತಿದ್ದಳು, ಫೆಬ್ರವರಿಯ ಹೊತ್ತಿಗೆ ಹಿಮೋಗ್ಲೋಬಿನ್ 12 ದಾಟಿತ್ತು. ಕ್ರಾಸ್‌ಮ್ಯಾಚ್ ಹೊಂದಿತು, ಉಳಿದ ಪರೀಕ್ಷೆಗಳೂ ಸರಿಬಂದವು.

ಇಲ್ಲಿಂದ ಕಾಗದಗಳ ಓಡಾಟ. ಅಂಗಾಂಗ ಕಸಿಗೆ 1994ರ ಕಾಯ್ದೆ ಮತ್ತು 2014ರ ನಿಯಮಗಳಿವೆ. ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಮತ್ತು ಗಂಡ ಹೆಂಡತಿ ಹತ್ತಿರದ ಸಂಬಂಧಿಗಳೆಂದು ಕಾಯ್ದೆ ಹೇಳುತ್ತದೆ. ಗಂಡ ಹೆಂಡತಿಯ ನಡುವಿನ ಕಸಿಯಾದರೆ ಮದುವೆ ನಿಜವೆಂದು ತೋರಿಸಬೇಕು. ಮದುವೆಯ ಪ್ರಮಾಣಪತ್ರ, ಮದುವೆಯ ಫೋಟೊ, ಮಕ್ಕಳ ಜನನ ಪ್ರಮಾಣಪತ್ರ, ಇಡೀ ಕುಟುಂಬದ ಫೋಟೊ ಬೇಕು. ಇದರ ಜೊತೆ ನಮ್ಮಿಂದ ವಾಸಸ್ಥಳದ ದೃಢೀಕರಣ, ನಾಡಕಚೇರಿಯ ವಂಶವೃಕ್ಷ, ಪೊಲೀಸ್ ಠಾಣೆಯ ಪರಿಶೀಲನಾ ಪತ್ರ, ಇಬ್ಬರ ಆದಾಯದ ದಾಖಲೆ, ನೋಟರಿ ಮಾಡಿಸಿದ ಪ್ರಮಾಣಪತ್ರಗಳನ್ನು ಕೇಳಿದರು.

ಕ್ರೈಸ್ತ ಕುಟುಂಬಗಳು ಇಲ್ಲಿ ಒಂದು ವಿಷಯವನ್ನು ಮುಂಚಿತವಾಗಿಯೇ ಗಮನಿಸಬೇಕು. ನಮ್ಮ ಮದುವೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ದೇವಾಲಯದಲ್ಲಿ ನಡೆದು ಅಲ್ಲಿನ ವಿವಾಹ ದಾಖಲೆ ಪುಸ್ತಕದಲ್ಲಿ ಬರೆಯಲ್ಪಟ್ಟಿತ್ತು. ಆ ಪುಸ್ತಕದಲ್ಲಿ ನನ್ನ ಹೆಂಡತಿಯ ದೀಕ್ಷಾಸ್ನಾನದ ಹೆಸರಿದೆ, ಆಧಾರ್‌ನಲ್ಲಿ ಶಾಲೆಯ ಹೆಸರಿದೆ. ತಂದೆಯ ಹೆಸರು ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಇನಿಷಿಯಲ್ ಮಾತ್ರ. ಆಸ್ಪತ್ರೆಯ ಕಡತ ನೋಡುವವರು ಇಬ್ಬರೂ ಒಬ್ಬರೇ ಎಂದು ಒಪ್ಪಲಿಲ್ಲ. ಎರಡೂ ಹೆಸರು ಒಬ್ಬಳದೇ ಎಂಬ ಅಫಿಡವಿಟ್, ದೀಕ್ಷಾಸ್ನಾನದ ದಾಖಲೆಯ ನಕಲು, ಸಭಾಪಾಲಕರ ಪತ್ರ, ಶಾಲೆಯ ವರ್ಗಾವಣೆ ಪತ್ರ ಇವೆಲ್ಲ ಕೂಡಿಸುವಷ್ಟರಲ್ಲಿ ಐದು ವಾರ ಹೋಯಿತು. ಆ ಐದು ವಾರಗಳಲ್ಲಿ ಎರಡು ಸಲ ಕಡತ ವಾಪಸು ಬಂತು. ಯಾವ ಕಾಯಿಲೆಯೂ ಇಲ್ಲದ ಕಾಲದಲ್ಲಿಯೇ ನಿಮ್ಮ ದೇವಾಲಯದ ದಾಖಲೆ ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಿ.

ಹಣದ ವಿಷಯ. ಖಾಸಗಿ ಆಸ್ಪತ್ರೆಯಲ್ಲಿ ಇಬ್ಬರ ಶಸ್ತ್ರಚಿಕಿತ್ಸೆ ಸೇರಿ 5,80,000 ರೂಪಾಯಿ, ಅದಕ್ಕೂ ಮುಂಚಿನ ನಮ್ಮಿಬ್ಬರ ಪರೀಕ್ಷೆಗಳಿಗೆ 84,000. ನಮ್ಮದು ಬಿಪಿಎಲ್ ಕಾರ್ಡ್ ಅಲ್ಲ. ಬಿಪಿಎಲ್ ಕಾರ್ಡ್ ಇರುವವರು ಸರ್ಕಾರದ ಯೋಜನೆಯ ನೆರವು ಎಷ್ಟು ಸಿಗುತ್ತದೆ, ಯಾವ ಆಸ್ಪತ್ರೆಗಳಲ್ಲಿ ಸಿಗುತ್ತದೆ ಎಂಬುದನ್ನು ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಬಳಿ ಕೇಳಿ ತಿಳಿದ ಮೇಲೆಯೇ ಆಸ್ಪತ್ರೆ ಆರಿಸಿಕೊಳ್ಳಿ, ಒಮ್ಮೆ ಹಣ ಕಟ್ಟಿದ ಮೇಲೆ ಹಿಂದಿರುಗಿ ಬರುವುದು ಕಷ್ಟ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವವರು ಆಸ್ಪತ್ರೆಯ ಅಂದಾಜು ಪಟ್ಟಿಯನ್ನು ಮೊಹರಿನೊಂದಿಗೆ ಮೊದಲೇ ತೆಗೆದಿಟ್ಟುಕೊಳ್ಳಬೇಕು. ನಾನು ಭವಿಷ್ಯ ನಿಧಿಯಿಂದ ಕಾಯಿಲೆಯ ಮುಂಗಡ ಪಡೆದೆ, ಹೆಂಡತಿಯ ಬಂಗಾರ ಅಡವಿಟ್ಟೆವು, ಮುದ್ರಣಾಲಯದ ಮಾಲೀಕರು 50,000 ಕೊಟ್ಟರು. ಆದರೂ ಒಂದು ಲಕ್ಷಕ್ಕಿಂತ ಹೆಚ್ಚು ಹಣದ ಕೊರತೆ ಬಿತ್ತು.

ಸಭಾಪಾಲಕರು ಸಭೆಯಲ್ಲಿ ಪ್ರಕಟಿಸುತ್ತೇನೆಂದಾಗ ನಾನು ಬೇಡವೆಂದೆ. ಎರಡು ವಾರ ಬೇಡವೆನ್ನುತ್ತಲೇ ಇದ್ದೆ. ಖಜಾಂಚಿಯಾಗಿ ಬಡವರ ನಿಧಿಯ ಕಪಾಟಿನ ಕೀಲಿ ಇಟ್ಟುಕೊಂಡಿದ್ದವನು ಅದೇ ಸಾಲಿನಲ್ಲಿ ಕೈ ಚಾಚುವುದು ನನ್ನಿಂದಾಗದು ಎನಿಸಿತ್ತು. ಅವ್ವ ಇದನ್ನು ಕೇಳಿಸಿಕೊಂಡಳು. ನಮ್ಮ ಮುತ್ತಜ್ಜ 1876–78ರ ಮಹಾ ಬರಗಾಲದಲ್ಲಿ ತಂದೆ ತಾಯಿ ಇಲ್ಲದೆ ಮಿಶನ್ನಿನವರ ಗಂಜಿಯಿಂದ ಬದುಕುಳಿದ ಕೂಸು ಎಂಬುದು ನಮ್ಮ ಮನೆಯಲ್ಲಿ ತಲೆಮಾರಿನಿಂದ ನಡೆದುಬಂದ ಮಾತು. ಅವ್ವ ಅದನ್ನು ನೆನಪಿಸಿ, “ನಮ್ಮ ಮನಿತನನ ಇಸಗೊಂಡು ಉಳದೈತಪ್ಪ, ನಿನಗ್ಯಾಕ ನಾಚಿಕಿ” ಎಂದಳು. ಬಾಸೆಲ್ ಮಿಶನ್ನಿನವರು 1841ರಲ್ಲಿ ಬೆಟಗೇರಿಗೆ ಬಂದ ಚರಿತ್ರೆಯನ್ನು ವಾರ್ಷಿಕೋತ್ಸವದಲ್ಲಿ ನಾನೇ ಎಷ್ಟೋ ಸಲ ಓದಿದ್ದೇನೆ. ಆ ಚರಿತ್ರೆಯಲ್ಲಿ ನಮ್ಮವರು ಬಟ್ಟಲು ಹಿಡಿದು ನಿಂತ ಕಡೆ ಇದ್ದರೆಂಬುದು ನನ್ನ ಮನಸ್ಸಿಗೆ ಹೋಗಿರಲಿಲ್ಲ.

ಪ್ರಕಟಣೆಯಾಯಿತು. 1,12,000 ರೂಪಾಯಿ ಕೂಡಿತು. ಕೊಟ್ಟವರಲ್ಲಿ ನೇಕಾರರ ಓಣಿಯ ಒಬ್ಬ ವಿಧವೆ ಇದ್ದರು. ಹಿಂದೊಮ್ಮೆ 2,000 ರೂಪಾಯಿ ಸಹಾಯಕ್ಕಾಗಿ ಅವರು ಬಂದಾಗ ಅರ್ಜಿ ಸರಿಯಿಲ್ಲ, ಸಹಿ ಇಲ್ಲ ಎಂದು ನಾನು ಅವರನ್ನು ಅಲೆದಾಡಿಸಿದ್ದೆ. ಮನೆಗೆ ಬಂದು 300 ರೂಪಾಯಿ ಕೈಗಿಟ್ಟರು. ಅಂದಿನದಕ್ಕೆ ಕ್ಷಮೆ ಕೇಳಿದೆ. ಮರೆತಿದ್ದೇನೆ ಎನ್ನುತ್ತಾರೆಂದು ನಿರೀಕ್ಷಿಸಿದ್ದೆ. “ಮೂರ ಸಲ ಬಂದಿದ್ದೆ ನೋಡ್ರಿ, ನೆನಪೈತಿ” ಎಂದರು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಪ್ರಾರ್ಥಿಸಿ ಹೋದರು. ಆ ನೆನಪಿನೊಂದಿಗೇ ಅವರು ಕೊಟ್ಟಿದ್ದರು.

ಕಸಿಗೆ ಅನುಮತಿ ಕೊಡುವ ಸಮಿತಿಯ ಸಂದರ್ಶನ ಏಪ್ರಿಲ್ 16, ಬುಧವಾರ, ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ನಡುವೆ. ಇಡೀ ಸಂದರ್ಶನವನ್ನು ವಿಡಿಯೊ ಮಾಡುತ್ತಾರೆ. ಇಬ್ಬರನ್ನೂ ಜೊತೆಯಾಗಿಯೂ ಬೇರೆ ಬೇರೆಯಾಗಿಯೂ ಕೇಳುತ್ತಾರೆ. ಮದುವೆ ಎಲ್ಲಿ ಆಯಿತು, ಮಕ್ಕಳು ಏನು ಓದುತ್ತಿದ್ದಾರೆ, ಖರ್ಚು ಯಾರು ಕೊಡುತ್ತಾರೆ, ಶಸ್ತ್ರಚಿಕಿತ್ಸೆಯ ಅಪಾಯ ಗೊತ್ತೇ ಎಂಬಂಥ ಪ್ರಶ್ನೆಗಳು. ದಾನಿ ಹೆಂಗಸಾಗಿದ್ದರೆ ಆಕೆಯ ಸ್ವಂತ ಒಪ್ಪಿಗೆಯನ್ನು ವಿಶೇಷ ಎಚ್ಚರದಿಂದ ಖಚಿತಪಡಿಸಿಕೊಳ್ಳಬೇಕೆಂದು ನಿಯಮವೇ ಇದೆ. ಆದ್ದರಿಂದ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಆಕೆಯನ್ನು ಒಳಗೆ ಏನು ಕೇಳಿದರೆಂದು ತಿಳಿಯದೆ ಬೆಂಚಿನ ಮೇಲೆ ಕುಳಿತಿದ್ದ ಇಪ್ಪತ್ತು ನಿಮಿಷ ನನಗೆ ಬಹಳ ದೊಡ್ಡದಾಗಿತ್ತು. ಆಕೆ ಹೇಳಿದ್ದನ್ನು ಎಷ್ಟೋ ದಿನಗಳ ಮೇಲೆ ತಾನಾಗಿಯೇ ತಿಳಿಸಿದಳು. ನಿಮ್ಮನ್ನು ಯಾರಾದರೂ ಒತ್ತಾಯ ಮಾಡಿದರೇ ಎಂದು ಕೇಳಿದ್ದರಂತೆ. “ಯಾರೂ ಕೇಳಿಲ್ಲರಿ, ಅದಕ್ಕ ಕೊಡಾಕತ್ತೀನಿ” ಎಂದಿದ್ದಳಂತೆ.

ಮರುದಿನ ಬೆಳಿಗ್ಗೆ ಡಯಾಲಿಸಿಸ್, ಸಂಜೆ ಪವಿತ್ರ ಗುರುವಾರದ ಆರಾಧನೆ. ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯ ಓದಿದರು. ಪೇತ್ರನು ನೀನು ನನ್ನ ಕಾಲು ತೊಳೆಯಲೇ ಕೂಡದು ಎನ್ನುತ್ತಾನೆ, ತೊಳೆಯಿಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲವೆಂದು ಯೇಸು ಸ್ವಾಮಿ ಹೇಳುತ್ತಾನೆ. ಆ ಅಧ್ಯಾಯವನ್ನು ನಾನು ಯಾವಾಗಲೂ ಇತರರ ಕಾಲು ತೊಳೆಯುವ ಪಾಠವೆಂದೇ ಓದಿದ್ದೆ ಮತ್ತು ಆ ಪಾಠದಲ್ಲಿ ನಾನು ಉತ್ತೀರ್ಣನಾಗಿದ್ದೇನೆ ಎಂದು ತಿಳಿದಿದ್ದೆ. ಕಾಲು ಮುಂದೆ ಚಾಚಿ ಕುಳಿತುಕೊಳ್ಳುವುದು ಪೇತ್ರನಿಗೆ ಎಷ್ಟು ಕಷ್ಟವಾಯಿತೆಂಬುದು ಆ ಸಂಜೆ ತಿಳಿಯಿತು. ಹಕ್ಕಿನಿಂದ ಕಸಿದುಕೊಳ್ಳುವುದು, ಅಭಿಮಾನದಿಂದ ಬೇಡವೆನ್ನುವುದು, ನನಗೆ ಬರುತ್ತಿದ್ದವು ಇವೆರಡೇ. ಅಣ್ಣನೊಂದಿಗೆ ಮೊದಲನೆಯದು, ಸಭೆಯೊಂದಿಗೆ ಎರಡನೆಯದು. ಹನ್ನೆರಡು ವಾರದಿಂದ ಅಣ್ಣನೊಂದಿಗೆ ಮಾತಿಲ್ಲದೆ ಕರ್ತನ ಭೋಜನ ತೆಗೆದುಕೊಂಡಿದ್ದೆ. ಆ ರಾತ್ರಿ ಮೇಜಿನ ಬಳಿ ಹೋಗಲಿಲ್ಲ.

ಶುಭ ಶುಕ್ರವಾರ ಮೂರು ಗಂಟೆಯ ಆರಾಧನೆ ಮುಗಿದ ಕೂಡಲೇ ಹುಬ್ಬಳ್ಳಿಯ ಬಸ್ಸು ಹಿಡಿದೆ. ಬಾಗಿಲು ತೆರೆದವನು ಅಣ್ಣನೇ. ನೀನು ಕೊಡಲಿಲ್ಲ ಎಂಬುದನ್ನು ಕ್ಷಮಿಸಲು ಬಂದಿಲ್ಲ, ನಾನು ಕೇಳಿದ ರೀತಿಗೆ ಕ್ಷಮೆ ಬೇಡಲು ಬಂದಿದ್ದೇನೆ ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಉಳಿದ ಮಾತುಗಳು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಅವನು ಅಪ್ಪನ ಮಾತು ತೆಗೆದ. ಅಪ್ಪ ಶಸ್ತ್ರಚಿಕಿತ್ಸೆಯಾದ ಮರುದಿನ ತೀರಿಕೊಂಡಾಗ ಆಸ್ಪತ್ರೆಯಲ್ಲಿ ಇದ್ದವನು ಅವನೊಬ್ಬನೇ, ನಾನು ಊರಲ್ಲಿದ್ದೆ. ಅಂದಿನಿಂದ ಅವನಿಗೆ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲು ಕಂಡರೆ ಮೈ ನಡುಗುತ್ತದೆ. ಪರೀಕ್ಷೆಗೆ ಬಂದ ಪ್ರತಿ ದಿನವೂ ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ. ಇದೊಂದನ್ನೂ ನಾನು ಕೇಳಿರಲಿಲ್ಲ. ಈಸ್ಟರ್ ಭಾನುವಾರ ಬೆಳಿಗ್ಗೆ ಅವನೂ ಅತ್ತಿಗೆಯೂ ಬೆಟಗೇರಿಗೆ ಬಂದರು, ಕರ್ತನ ಭೋಜನವನ್ನು ಒಟ್ಟಿಗೆ ತೆಗೆದುಕೊಂಡೆವು.

ಮೇ 22ರಂದು ಶಸ್ತ್ರಚಿಕಿತ್ಸೆ. ಆಕೆಯ ಎಡ ಕಿಡ್ನಿಯನ್ನು ದುರ್ಬೀನಿನ ಮೂಲಕ ತೆಗೆದು ನನ್ನ ಕಿಬ್ಬೊಟ್ಟೆಯಲ್ಲಿ ಜೋಡಿಸಿದರು, ನನ್ನ ಹಳೆಯ ಎರಡನ್ನೂ ಇದ್ದಲ್ಲಿಯೇ ಬಿಟ್ಟರು. ಆ ಹಿಂದಿನ ದಿನದವರೆಗೆ ಒಟ್ಟು 135 ಡಯಾಲಿಸಿಸ್ ಆಗಿತ್ತು. ಮೂರನೆಯ ದಿನ ಕ್ರಿಯಾಟಿನಿನ್ 1.6ಕ್ಕೆ ಇಳಿಯಿತು, ಈಗ 1.3 ಇದೆ. ನೋಡಲು ಒಳಗೆ ಬಿಟ್ಟ ಮೂರನೆಯ ದಿನವೇ ಅಣ್ಣ ನನ್ನ ಸತ್ಯವೇದದಲ್ಲಿದ್ದ ಗುರುತಿನ ಪಟ್ಟಿ ನೋಡಿಕೊಂಡು, ಮುಂದಿನದಾದ ನೂರ ಮೂವತ್ತಾರನೆಯ ಕೀರ್ತನೆಯನ್ನು ಓದಿದ. ಆತನ ಕೃಪೆಯು ಶಾಶ್ವತವೆಂಬ ಪಲ್ಲವಿ ಅದರಲ್ಲಿ ಇಪ್ಪತ್ತಾರು ಸಲ ಬರುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಗೆ ಹೆದರುತ್ತಿದ್ದವನು ಒಂಬತ್ತು ರಾತ್ರಿ ಅದೇ ಕೊಠಡಿಯ ಮುಂದಿನ ಓಣಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದ.

ಕುಟುಂಬದವರಿಗೆ ಒಂದು ಮಾತು. ಕಿಡ್ನಿ ಪಡೆದವರ ಸುತ್ತ ಎಲ್ಲರೂ ಓಡಾಡುತ್ತಾರೆ, ಕೊಟ್ಟವರನ್ನು ಮರೆಯುತ್ತಾರೆ. ನೋವು ಅವರಿಗೇ ಹೆಚ್ಚು, ಏಕೆಂದರೆ ಅವರು ಆರೋಗ್ಯವಾಗಿ ಒಳಗೆ ಹೋಗಿ ನೋವಿನೊಂದಿಗೆ ಹೊರಬರುತ್ತಾರೆ. ನನ್ನ ಹೆಂಡತಿಯ ಬಳಿ ಎರಡನೆಯ ದಿನ ಐದು ಗಂಟೆ ಯಾರೂ ಇರಲಿಲ್ಲವೆಂದು ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ದಾನಿಗೆಂದೇ ಒಬ್ಬರನ್ನು ಪ್ರತ್ಯೇಕವಾಗಿ ನೇಮಿಸಿ, ಆಕೆಯ ಮುಂದಿನ ತಪಾಸಣೆಗಳ ತಾರೀಖನ್ನೂ ಬರೆದಿಟ್ಟುಕೊಳ್ಳಿ. ಆಸ್ಪತ್ರೆಯ ಹತ್ತಿರ ಒಂದು ತಿಂಗಳಿಗೆ ಕೋಣೆ ಬಾಡಿಗೆ ಹಿಡಿಯುವುದು ಒಳ್ಳೆಯದು, ಮೊದಲ ವಾರಗಳಲ್ಲಿ ವಾರಕ್ಕೆ ಎರಡು ಸಲ ತೋರಿಸಬೇಕಾಗುತ್ತದೆ. ಮೂತ್ರನಾಳದೊಳಗಿಟ್ಟ ಚಿಕ್ಕ ಕೊಳವೆ, ಅಂದರೆ ಸ್ಟೆಂಟ್, ತೆಗೆಯುವ ಖರ್ಚು ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ, ನಮಗೆ ಸೇರಿರಲಿಲ್ಲ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಮಾತ್ರೆಗಳನ್ನು ಜೀವನಪೂರ್ತಿ, ಸರಿಯಾಗಿ ಹನ್ನೆರಡು ಗಂಟೆಗೊಮ್ಮೆ ನುಂಗಬೇಕು. ಈ ಮಾತ್ರೆಗಳಲ್ಲೊಂದಾದ ಟ್ಯಾಕ್ರೊಲಿಮಸ್ ರಕ್ತದಲ್ಲಿರುವ ಪ್ರಮಾಣ ನೋಡಿಸುವ ದಿನ ಬೆಳಗಿನ ಮಾತ್ರೆಗೆ ಮುಂಚೆಯೇ ರಕ್ತ ಕೊಡಬೇಕು. ಮೊದಲ ತಿಂಗಳು ಔಷಧಿಗೆ 19,000 ಆಯಿತು, ಈಗ 13,500. ನಾಟಿ ಔಷಧಿ, ಕಷಾಯಗಳನ್ನು ವೈದ್ಯರಿಗೆ ಹೇಳದೆ ಮುಟ್ಟಬಾರದು.

ಸೋಂಕಿನ ಭಯದಿಂದ ಮೂರು ತಿಂಗಳು ದೇವಾಲಯಕ್ಕೆ ಹೋಗಲಿಲ್ಲ. ಸಭಾಪಾಲಕರು ಮನೆಗೇ ಬಂದು ಬೇರೆ ಚಿಕ್ಕ ಪಾತ್ರೆಯಲ್ಲಿ ಭೋಜನ ಕೊಟ್ಟರು. ಸೆಪ್ಟೆಂಬರ್ ಮೊದಲ ಭಾನುವಾರ ಮುಖಗವಸು ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತೆ. ಕೃತಜ್ಞತಾ ಸಾಕ್ಷಿ ಹೇಳಬೇಕೆಂದು ಕೇಳಿದ್ದರು. ದೇವರು ನನ್ನನ್ನು ಉಳಿಸಿದನು, ಆದ್ದರಿಂದ ದೇವರು ಒಳ್ಳೆಯವನು ಎಂದು ಹೇಳಿ ಮುಗಿಸುವುದು ನನಗೆ ಸಾಧ್ಯವಾಗಲಿಲ್ಲ, ಏಕೆಂದರೆ ಪಕ್ಕದ ಹಾಸಿಗೆಯವರು ನನ್ನ ಕಣ್ಣ ಮುಂದಿದ್ದರು. ಅವರ ಮನೆಯಲ್ಲಿ ಹೊಂದುವ ದಾನಿ ಯಾರೂ ಇಲ್ಲ. ಮೃತರ ಅಂಗದಾನವನ್ನು ನಡೆಸುವ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಅವರ ಹೆಸರಿದೆ, ಅವರು ಇನ್ನೂ ಕಾಯುತ್ತಿದ್ದಾರೆ. ಅವರಿಗೂ ದೇವರು ಒಳ್ಳೆಯವನೇ ಆಗಿರಬೇಕಲ್ಲವೇ? ಈ ಪ್ರಶ್ನೆಯನ್ನು ಸಭೆಯ ಮುಂದೆ ಹಾಗೆಯೇ ಇಟ್ಟೆ, ಎಂಬತ್ತೆಂಟನೆಯ ಕೀರ್ತನೆಯನ್ನೂ ನೂರ ಮೂವತ್ತಾರನೆಯದನ್ನೂ ಒಂದರ ನಂತರ ಒಂದು ಓದಿ ಕುಳಿತುಕೊಂಡೆ.

ಡಯಾಲಿಸಿಸ್ ಕೇಂದ್ರದೊಳಗೆ ಹೋಗಲು ವೈದ್ಯರು ನನಗಿನ್ನೂ ಬಿಟ್ಟಿಲ್ಲ. ದರ್ಜಿಯವರ ಮಗಳಿಗೆ ಈ ವಾರ ಕಾಲೇಜಿನ ಪರೀಕ್ಷೆ. ಗುರುವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ ನನ್ನ ಹೆಂಡತಿ ಅಲ್ಲಿಗೆ ಹೋಗಿದ್ದಳು, ಸೂಜಿ ತೆಗೆದ ಮೇಲೆ ಹದಿನೈದು ನಿಮಿಷ ಅವರ ಕೈ ಒತ್ತಿ ಹಿಡಿದಿದ್ದು ಬಂದಳು. ಶನಿವಾರವೂ ಹೋಗುತ್ತಾಳೆ.